ಮುಖ ನೋಡಿ ಮಣೆ ಹಾಕುವವರ ನಡುವೆ ಒಂದು ಕೊಲೆ: ವ್ಯಂಗ್ಯ ಪತ್ತೇದಾರಿ ಕಾದಂಬರಿ ಬರೆಯಲು ಸಮಗ್ರ ಮಾರ್ಗದರ್ಶಿ

ಚೆಂದದ ಹುಚ್ಚನ್ನು ಗೇಲಿ ಮಾಡುವ ಪತ್ತೇದಾರಿ ಕಾದಂಬರಿ ಬರೀತೀನಿ ಅಂತ ಕೂತವರು ಹೆಚ್ಚಾಗಿ ಒಂದೇ ಜಾಗದಲ್ಲಿ ಮುಗ್ಗರಿಸುತ್ತಾರೆ. ಮೊದಲ ನಾಲ್ಕೈದು ಅಧ್ಯಾಯ ಭರ್ಜರಿ. ಪಾರ್ಲರ್ ಮೇಲೆ ಜೋಕು, ಜಾಹೀರಾತಿನ ಮೇಲೆ ಜೋಕು, ಫಿಲ್ಟರ್ ಹಾಕಿದ ಫೋಟೋ ಮೇಲೆ ಜೋಕು. ಆರನೇ ಅಧ್ಯಾಯಕ್ಕೆ ಬಂದಾಗ ಕೊಲೆ ಮಾಡಿದ್ದು ಯಾರು ಅನ್ನೋದು ಬರೆಯುವವರಿಗೇ ಗೊತ್ತಿರಲ್ಲ. ಇನ್ನೊಂದು ಗುಂಪಿನವರು ಕಥೆಯನ್ನೇನೋ ಮುಗಿಸುತ್ತಾರೆ. ಆದರೆ ಅದರಲ್ಲಿ ಸತ್ತವಳು ಸುಂದರಿ, ಖಳ ಕುರೂಪಿ, ಪತ್ತೇದಾರ ಆರಡಿ ಎತ್ತರದ ಸ್ಫುರದ್ರೂಪಿ. ಯಾವುದನ್ನು ಗೇಲಿ ಮಾಡಲು ಹೊರಟರೋ ಅದನ್ನೇ ಇನ್ನೂರು ಪುಟ ಮಾರಿದ ಹಾಗಾಯ್ತು, ಅಲ್ವಾ?

ಎರಡಕ್ಕೂ ಕಾರಣ ಒಂದೇ. ಜೋಕಿನಿಂದ ಶುರು ಮಾಡುತ್ತಾರೆ, ಕೊಲೆಯನ್ನು ಆಮೇಲೆ ಹುಡುಕುತ್ತಾರೆ. ಕ್ರಮ ಉಲ್ಟಾ ಆಗಬೇಕು. ಮೊದಲು ಗಟ್ಟಿಯಾದ ಅಪರಾಧ, ಆಮೇಲೆ ನಗು. ಆ ಅಪರಾಧ ಸೌಂದರ್ಯದ ವ್ಯಾಪಾರದ ಒಳಗಿಂದಲೇ ಹುಟ್ಟಬೇಕು, ಹೊರಗಿಂದ ತಂದು ಅಂಟಿಸಿದ್ದಾಗಬಾರದು.

## ಕೂರುವ ಮುನ್ನ ಕೈಗೆ ಸಿಗುವಂತಿರಬೇಕಾದವು

ಜಾಸ್ತಿ ಏನೂ ಬೇಡ. ಒಂದು ನೋಟ್‌ಬುಕ್ಕು, ಅದರಲ್ಲಿ ಜಾಹೀರಾತಿನ ಸಾಲುಗಳು. "ಏಳೇ ದಿನದಲ್ಲಿ", "ವೈದ್ಯರೇ ಬೆರಗಾದರು" ಅನ್ನುವಂಥ ಮಾತುಗಳನ್ನು ಕಂಡ ಕಂಡಲ್ಲಿ ಬರೆದಿಟ್ಟುಕೊಳ್ಳಿ. ಕಿವಿಗೆ ಆ ಧಾಟಿ ಕೂರಬೇಕು, ನಕಲು ಮಾಡೋಕಲ್ಲ. ದೊಡ್ಡ ಹಾಳೆಯೊಂದರಲ್ಲಿ ಗಂಟೆಗಂಟೆಯ ವೇಳಾಪಟ್ಟಿ: ಕೊಲೆಯ ಹಿಂದಿನ ದಿನದಿಂದ ಮರುದಿನದವರೆಗೆ ಯಾರು ಎಲ್ಲಿದ್ದರು ಅಂತ. ವಿಧಿವಿಜ್ಞಾನದ ಒಂದು ಪಠ್ಯಪುಸ್ತಕ. ಆಮೇಲೆ, ಸಾಧ್ಯವಾದರೆ, ದಡ್ಡ ಪ್ರಶ್ನೆ ಕೇಳಿದರೂ ಬೇಜಾರು ಮಾಡಿಕೊಳ್ಳದ ಒಬ್ಬ ಡಾಕ್ಟರೋ ಔಷಧ ಅಂಗಡಿಯವರೋ.

## ಹಂತ 1: ಒಂದೇ ಹುಚ್ಚು ಆರಿಸಿಕೊಳ್ಳಿ

ಬಿಳುಪು, ತೆಳುಮೈ, ಯೌವನ, ಕೂದಲು, ಮೂಗು, ಕಟ್ಟುಮಸ್ತು ಮೈ. ಎಲ್ಲವನ್ನೂ ಒಂದೇ ಕಾದಂಬರಿಗೆ ತುರುಕಿದರೆ ಅದು ಪಟ್ಟಿಯಾಗುತ್ತದೆ, ಕಥೆಯಾಗಲ್ಲ.

ಒಂದೊಂದು ಹುಚ್ಚಿಗೂ ಅದರದೇ ಹಣದ ದಾರಿ ಇದೆ. ಬಿಳುಪಿನ ಕ್ರೀಮಿನಲ್ಲಿ ತಯಾರಕ, ಬೆರಕೆ ಮಾಡುವವ, ಲೇಬಲ್ ಅಚ್ಚು ಹಾಕುವವ, ಮಾರುವವ ಇದ್ದಾರೆ. ಯೌವನದ ಸೂಜಿಯಲ್ಲಿ ಕ್ಲಿನಿಕ್, ನಕಲಿ ಔಷಧಿ, ಪದವಿಯಿಲ್ಲದ ಕೈ ಇದೆ. ತೆಳುಮೈಯಲ್ಲಿ ಮಾತ್ರೆ, ಗುಟ್ಟಾಗಿ ಬರುವ ಪಾರ್ಸೆಲ್ಲು. ನೀವು ಆರಿಸಿದ ಹುಚ್ಚಿನಲ್ಲಿ ದುಡ್ಡು ಯಾರ ಕೈಯಿಂದ ಯಾರ ಕೈಗೆ ಹೋಗುತ್ತೆ ಅಂತ ಐದು ಸಾಲು ಬರೆಯಿರಿ. ಬರೆಯೋಕಾಗದಿದ್ದರೆ ಆ ವಿಷಯ ಇನ್ನೂ ನಿಮಗೆ ಸಿಕ್ಕಿಲ್ಲ ಅಂತಲೇ ಅರ್ಥ. ಬೇರೆ ಆರಿಸಿ, ಇಲ್ಲಾ ಇನ್ನಷ್ಟು ಓದಿ.

## ಹಂತ 2: ಕೊಲೆಯನ್ನು ಮೊದಲು ಕಟ್ಟಿ

ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ಮೂರು ಪ್ರಶ್ನೆ: ಯಾಕೆ ಕೊಂದರು, ಹೇಗೆ ಕೊಂದರು, ಹೇಗೆ ಮುಚ್ಚಿದರು. ಮೂರರಲ್ಲಿ ಕಡೇಪಕ್ಷ ಎರಡರ ಉತ್ತರ ಸೌಂದರ್ಯದ ವ್ಯಾಪಾರದಿಂದ ಬರಬೇಕು. ಕ್ಲಿನಿಕ್ಕಿನಲ್ಲಿ ನಡೆದ ಕೊಲೆಗೆ ಆಸ್ತಿ ಜಗಳವೇ ಕಾರಣ ಅಂತಾದರೆ ಕ್ಲಿನಿಕ್ಕು ಬರೀ ಗೋಡೆಯ ಬಣ್ಣ. ಅದೇ ಕಥೆಯನ್ನು ಅಕ್ಕಿ ಗಿರಣಿಯಲ್ಲೂ ಹೇಳಬಹುದಿತ್ತು.

ಸುಮಾರು ಜನ ಇಲ್ಲಿ ಮಾಡುವ ತಪ್ಪು: ವಿಷ ಬೆರೆಸಿದ ಕ್ರೀಮು. ರಾತ್ರಿ ಹಚ್ಚಿಕೊಂಡಳು, ಬೆಳಿಗ್ಗೆ ಹೆಣ. ನಿಜ ಹಾಗಿಲ್ಲ. ಪಾದರಸದ ಲವಣಗಳು ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗುವುದನ್ನು ತಡೆಯುತ್ತವೆ, ಅದಕ್ಕೇ ಬಿಳುಪಿನ ಕ್ರೀಮುಗಳಲ್ಲಿ ಅವನ್ನು ಬೆರೆಸುತ್ತಾ ಬಂದದ್ದು. ಆದರೆ ಅದು ನಿಧಾನ ವಿಷ. ಕಿಡ್ನಿ ಕೆಡುತ್ತದೆ, ಕೈ ನಡುಗುತ್ತದೆ, ನಿದ್ದೆ ಹೋಗುತ್ತದೆ, ಸಿಡುಕು ಜಾಸ್ತಿಯಾಗುತ್ತದೆ. ಪಾದರಸಕ್ಕೆ ಕಡಿವಾಣ ಹಾಕಲು ದೇಶಗಳು ಮಾಡಿಕೊಂಡ 2013ರ ಮಿನಮಾಟ ಒಪ್ಪಂದ, 1 ಪಿಪಿಎಂಗಿಂತ (ಹತ್ತು ಲಕ್ಷದಲ್ಲಿ ಒಂದು ಭಾಗ) ಜಾಸ್ತಿ ಪಾದರಸವಿರುವ ಸೋಪು, ಕ್ರೀಮುಗಳ ತಯಾರಿಕೆಯನ್ನು 2020ರ ಹೊತ್ತಿಗೆ ನಿಲ್ಲಿಸಬೇಕು ಎಂದಿತು. ಆದರೂ ಮಾರಾಟ ನಿಂತಿಲ್ಲ.

ಹಾಗಾಗಿ ಕ್ರೀಮನ್ನು ಆಯುಧ ಮಾಡಬೇಡಿ, ಕಾರಣ ಮಾಡಿ. ಕ್ರೀಮಿನ ಲ್ಯಾಬ್ ವರದಿ ಯಾರಿಗೋ ಸಿಕ್ಕಿತು, ಅವರು ಬಾಯಿಬಿಡುವ ಮೊದಲೇ ಸತ್ತರು. ಕೊಲೆ ಮೆಟ್ಟಿಲ ಮೇಲಿಂದ ತಳ್ಳಿದ್ದೇ ಆಗಿರಲಿ, ಪರವಾಗಿಲ್ಲ. ಓದುಗ ಬೆಚ್ಚಿಬೀಳುವುದು ಕೊಲೆಯ ವಿಧಾನಕ್ಕಲ್ಲ, ಅದರ ಹಿಂದಿನ ಲೆಕ್ಕಾಚಾರಕ್ಕೆ.

ಈ ಪಾದರಸದಲ್ಲಿ ಇನ್ನೊಂದು ಎಳೆ ಇದೆ, ಪತ್ತೇದಾರಿ ಬರೆಯುವವರಿಗೆ ಸಿಕ್ಕ ನಿಧಿ ಅಂತಲೇ ಹೇಳ್ತೀನಿ. ಕ್ರೀಮು ಹಚ್ಚಿಕೊಳ್ಳದವರಿಗೂ ವಿಷ ಏರುತ್ತದೆ. ಟವೆಲ್ಲು, ದಿಂಬು, ಅಪ್ಪಿಕೊಂಡ ಕೈ, ಕೋಣೆಯ ಗಾಳಿ, ಇಷ್ಟು ಸಾಕು. ಅಂದರೆ ಮನೆಯಲ್ಲಿ ಮೊದಲು ಕಾಯಿಲೆ ಬೀಳುವುದು ಕ್ರೀಮನ್ನು ಮುಟ್ಟಿಯೂ ನೋಡದ ಮಗುವಾಗಿರಬಹುದು. ಪತ್ತೇದಾರ ಡ್ರೆಸಿಂಗ್ ಟೇಬಲ್ ನೋಡುತ್ತಿರುವಾಗ ಸುಳಿವು ತೊಟ್ಟಿಲಲ್ಲಿ ಮಲಗಿರುತ್ತದೆ. ಇಂಥ ಕೆಲವು ಕ್ರೀಮುಗಳ ಮೇಲೆ "ಚಿನ್ನ, ಬೆಳ್ಳಿಗೆ ತಾಗಿಸಬೇಡಿ" ಅನ್ನುವ ಎಚ್ಚರಿಕೆಯೂ ಇರುತ್ತದೆ, ಏಕೆಂದರೆ ಪಾದರಸ ಆ ಲೋಹಗಳ ಜೊತೆ ಬೆರೆತುಬಿಡುತ್ತದೆ. ಈ ಸಾಲನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ತೆಳುಮೈಯ ಕಥೆಯಾದರೆ ಡೈನೈಟ್ರೋಫಿನಾಲ್ ಬಗ್ಗೆ ಓದಿ. 1930ರ ದಶಕದಲ್ಲಿ ತೂಕ ಇಳಿಸುವ ಔಷಧಿ ಅಂತ ಅಮೆರಿಕದಲ್ಲಿ ಮಾರಿದರು. ಮೈಯ ಬಿಸಿ ಅಂಕೆಗೆ ಸಿಗದೆ ಏರಿ ಜನ ಸತ್ತರು, 1938ರ ಹೊಸ ಕಾನೂನು ಬಂದ ಮೇಲೆ ಅದು ಮಾರುಕಟ್ಟೆಯಿಂದ ಹೋಯಿತು. ಕಳ್ಳದಾರಿಯಲ್ಲಿ ಇವತ್ತಿಗೂ ಸಿಗುತ್ತದೆ. ಇದರಲ್ಲಿ ಕಥೆಗಾರನಿಗೆ ಏನಿದೆ ಅಂದರೆ, ಎರಡು ಗಡಿಯಾರಗಳ ಜಗಳ. ಸಾವಿನ ಸಮಯ ಲೆಕ್ಕ ಹಾಕುವಾಗ ಹೆಣದ ಬಿಸಿ ಸುಮಾರು 37 ಡಿಗ್ರಿಯಿಂದ ಇಳಿಯತೊಡಗಿತು ಅಂತ ಇಟ್ಟುಕೊಳ್ಳುತ್ತಾರೆ. ಸಾಯುವಾಗಲೇ ಮೈ ಕೆಂಡವಾಗಿದ್ದರೆ ಆ ಲೆಕ್ಕ ತಪ್ಪುತ್ತದೆ, ಈಗತಾನೇ ಸತ್ತಂತೆ ಕಾಣುತ್ತದೆ. ಅದೇ ಕಾರಣಕ್ಕೆ ಹೆಣ ಸೆಟೆದುಕೊಳ್ಳುವುದು ಮಾತ್ರ ಬೇಗ ಆಗುತ್ತದೆ, ಸತ್ತು ಬಹಳ ಹೊತ್ತಾದಂತೆ ಕಾಣುತ್ತದೆ. ಥರ್ಮಾಮೀಟರ್ ಒಂದು ಹೇಳುತ್ತೆ, ಕೀಲುಗಳು ಇನ್ನೊಂದು ಹೇಳುತ್ತವೆ. ಆ ನಡುವಿನ ಗಂಟೆಗಳಲ್ಲಿ ನಿಮ್ಮ ಆರೋಪಿಯ ಸುಳ್ಳು ಸಾಕ್ಷ್ಯ ಕೂತಿರುತ್ತದೆ.

ಯೌವನದ ಕಥೆಗೆ ಬೊಟುಲಿನಮ್ ಸೂಜಿ, ಅಂದರೆ ಮುಖದ ಸ್ನಾಯು ಅಲುಗದಂತೆ ಮಾಡಿ ಸುಕ್ಕು ಮರೆಸುವ ಬೊಟಾಕ್ಸ್. ಚುಚ್ಚಿದ ಕೂಡಲೇ ಮುಖ ಬದಲಾಗಲ್ಲ, ಕೆಲವು ದಿನ ಬೇಕು. ಮೂರ್ನಾಲ್ಕು ತಿಂಗಳಲ್ಲಿ ಇಳಿಯುತ್ತದೆ. ಸೀಸೆಯನ್ನು ಫ್ರಿಜ್ಜಿನಲ್ಲಿ ಇಡಬೇಕು. ಹಾಗಾಗಿ "ನಿನ್ನೆ ಸಂಜೆ ಸೂಜಿ ಹಾಕಿಸಿಕೊಂಡೆ, ಅದಕ್ಕೇ ಸಾವಿನ ಸುದ್ದಿ ಕೇಳಿದಾಗ ನನ್ನ ಮುಖ ಅಲುಗಲಿಲ್ಲ" ಅಂತ ಒಬ್ಬರು ಹೇಳಿದರೆ ಅದು ಹಸಿ ಸುಳ್ಳು. ಓದುಗರಲ್ಲಿ ಹತ್ತಕ್ಕೊಬ್ಬರು ಅಲ್ಲೇ ಹಿಡಿಯುತ್ತಾರೆ, ಉಳಿದವರು ನಕ್ಕು ಮುಂದೆ ಹೋಗುತ್ತಾರೆ. ನಿಮಗೆ ಬೇಕಾಗಿರೋದೂ ಅದೇ. ಅಂದ ಹಾಗೆ, ದೇಹದೊಳಗೆ ಇಟ್ಟ ಇಂಪ್ಲಾಂಟಿನ ಮೇಲೆ ಸೀರಿಯಲ್ ನಂಬರ್ ಇರುತ್ತದೆ, ಮುಖ ಗುರುತು ಸಿಗದ ಹೆಣವನ್ನೂ ಅದರಿಂದ ಪತ್ತೆಹಚ್ಚಬಹುದು. ಮುಖವೇ ಎಲ್ಲ ಅಂದುಕೊಂಡ ಕೊಲೆಗಾರ ಎಡವೋಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ.

ಒಂದು ಎಚ್ಚರಿಕೆ. ಎಷ್ಟು ಪ್ರಮಾಣ, ಎಲ್ಲಿ ಸಿಗುತ್ತೆ, ಹೇಗೆ ಬೆರೆಸುವುದು ಅನ್ನುವುದನ್ನು ಕಾದಂಬರಿಯಲ್ಲಿ ಹಾಕಬೇಡಿ. ಕಥೆಗೆ ಅದರಿಂದ ಏನೂ ಲಾಭವಿಲ್ಲ.

## ಹಂತ 3: ಪತ್ತೇದಾರನನ್ನೂ ಹುಚ್ಚಿನೊಳಗೆ ಇಳಿಸಿ

ಎಲ್ಲರಿಗೂ ಕಾಯಿಲೆ, ಪತ್ತೇದಾರ ಒಬ್ಬನೇ ಆರೋಗ್ಯವಂತ. ಹೀಗಾದರೆ ವ್ಯಂಗ್ಯ ಉಪದೇಶವಾಗುತ್ತದೆ, ಓದುಗ ಆಕಳಿಸುತ್ತಾನೆ.

ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲೇ ತೋರಿಸಿದ್ದ: ಮೇಲಧಿಕಾರಿಗಳು ಒಬ್ಬ ಸೈನಿಕನ ಒಂದು ಗುಣ ಮೆಚ್ಚಿದರೆ ಉಳಿದ ಗುಣಗಳಿಗೂ ಸುಮ್ನೆ ಅಂಕ ಏರಿಸುತ್ತಿದ್ದರು. 1972ರಲ್ಲಿ ಅಮೆರಿಕದ ಸಂಶೋಧಕರು ಜನರಿಗೆ ಬರೀ ಫೋಟೋ ತೋರಿಸಿ ಕೇಳಿದಾಗ, ಚೆಂದದ ಮುಖದವರೇ ಒಳ್ಳೆ ಸ್ವಭಾವದವರು, ಸುಖವಾಗಿ ಬಾಳುವವರು ಅಂತ ಊಹಿಸಿದರು. ನಿಮ್ಮ ಪತ್ತೇದಾರ ಈ ಹಳ್ಳಕ್ಕೆ ಬೀಳಬೇಕು. ಒಬ್ಬರ ಮುಖ ನೋಡಿ ಅವರನ್ನು ವಿಚಾರಣೆಯ ಪಟ್ಟಿಯಿಂದ ಬಿಡಬೇಕು. ಕಥೆಯ ಮೂರನೇ ಒಂದು ಭಾಗ ಮುಗಿಯುವುದರೊಳಗೆ ಇದು ನಡೆದುಹೋಗಲಿ, ಬೆಲೆ ಕೊಡುವುದು ಕೊನೆಯ ಹತ್ತಿರ ಬರಲಿ.

ಎಚ್ಚರ, "ಚೆಂದದವನೇ ಕೊಲೆಗಾರ" ಅನ್ನೋದು ಕೂಡ ಈಗ ಹಳೇ ಆಟ. ಅನುಭವಿ ಓದುಗ ಮೂರನೇ ಅಧ್ಯಾಯದಲ್ಲೇ ಅವನ ಹೆಸರಿನ ಮುಂದೆ ಗುರುತು ಹಾಕಿರುತ್ತಾನೆ. ನನಗೆ ಹೆಚ್ಚು ಹಿಡಿಸುವುದು, ಆ ಚೆಂದದ ವ್ಯಕ್ತಿ ಕೊಲೆಗಾರನಾಗಿರದೆ ಕಣ್ಣಾರೆ ಕಂಡ ಸಾಕ್ಷಿಯಾಗಿರುವುದು. ಯಾರೂ ಕೇಳಲಿಲ್ಲ, ಹಾಗಾಗಿ ಹೇಳಲಿಲ್ಲ.

## ಹಂತ 4: ಪಾತ್ರವನ್ನು ಮೈಯಿಂದ ಪರಿಚಯಿಸಬೇಡಿ

ಬಹಳ ಮಂದಿ ಸೋಲುವುದು ಇಲ್ಲೇ. ಅಗ್ಗದ ಪತ್ತೇದಾರಿ ಕಾದಂಬರಿಯ ಧಾಟಿ ಬೇಕು ಅನ್ನೋ ಆಸೆಗೆ ಹೀಗೆ ಬರೆಯುತ್ತಾರೆ:

"ಬಾಗಿಲು ತೆರೆಯಿತು. ಹಾಲುಬಿಳುಪಿನ ಮೈ, ತೊಂಡೆಹಣ್ಣಿನ ತುಟಿ, ಬಳ್ಳಿಯಂಥ ನಡು ನೋಡಿ ಪತ್ತೇದಾರನ ಸಿಗರೇಟು ಬೆರಳಲ್ಲೇ ಉರಿದುಹೋಯಿತು."

ಇದು ವ್ಯಂಗ್ಯ ಅಂತ ನಿಮಗೆ ಮಾತ್ರ ಗೊತ್ತು. ಓದುವವರಿಗೆ ಇದು ಹಳೇ ಸರಕು. ಈಗ ಅದೇ ದೃಶ್ಯವನ್ನು ಮೈ ಬಿಟ್ಟು, ಸುತ್ತ ಇರುವವರ ನಡವಳಿಕೆಯಿಂದ ಬರೆಯಿರಿ:

"ಬಾಗಿಲು ತೆರೆಯಿತು. ರಿಸೆಪ್ಷನಿಸ್ಟ್ ಎದ್ದು ನಿಂತಳು. ಅರ್ಧ ಗಂಟೆಯಿಂದ ನಿಂತೇ ಇದ್ದ ಮುದುಕನಿಗೆ ಸಿಗದ ಕುರ್ಚಿ ಬಂದವಳಿಗೆ ಸಿಕ್ಕಿತು. ಕಾಫಿ ಬಂತು. ಕಾಫಿಯ ಹಿಂದೆಯೇ ಕ್ಲಿನಿಕ್ಕಿನ ಮಾಲೀಕ ಬಂದ. ರಿಜಿಸ್ಟರಿಗೆ ಸಹಿ ಹಾಕಿಸಿಕೊಳ್ಳುವುದು ಯಾರಿಗೂ ನೆನಪಾಗಲಿಲ್ಲ. ಅವಳು ಇನ್ನೂ ಹೆಸರೇ ಹೇಳಿರಲಿಲ್ಲ."

ಇಲ್ಲಿ ಅವಳ ಮೂಗು ಹೇಗಿದೆ ಅಂತ ಒಂದಕ್ಷರವೂ ಇಲ್ಲ. ಆದರೂ ಎಲ್ಲ ಗೊತ್ತಾಯಿತು. ಮುಖ ನೋಡಿ ಮಣೆ ಹಾಕುವವರು ನಗೆಪಾಟಲಾದರು, ಅವಳಲ್ಲ. ಜೊತೆಗೆ, ಆ ರಿಜಿಸ್ಟರ್ ಸಾಲನ್ನು ಗಮನಿಸಿ. ಕೊಲೆಯಾದ ದಿನ ಅವಳು ಅಲ್ಲಿದ್ದಳು ಅನ್ನೋದಕ್ಕೆ ದಾಖಲೆ ಇಲ್ಲ.

ಮೈಯ ವರ್ಣನೆ ಬೇಕೇ ಬೇಕು ಅನ್ನುವ ಕಡೆ ಅದನ್ನು ಬೆಲೆ ಕಟ್ಟುವವರ ಬಾಯಲ್ಲಿ ಹಾಕಿ. ಸರ್ಜನ್ ನೋಡಿದರೆ ಮುಖದಲ್ಲಿ ಕೆಲಸ ಕಾಣುತ್ತೆ, ಏಜೆಂಟ್ ನೋಡಿದರೆ ದರ ಕಾಣುತ್ತೆ, ಮದುವೆ ಮಾಡಿಸುವವರು ನೋಡಿದರೆ ಕೊರತೆ ಕಾಣುತ್ತೆ. ನಿರೂಪಕನ ಬಾಯಲ್ಲಿ ಮಾತ್ರ ಬೇಡ.

## ಹಂತ 5: ನಗುವಿನ ಅಡಿಯಲ್ಲಿ ಸುಳಿವು ಬಚ್ಚಿಡಿ

ಈ ಒಂದು ಕೌಶಲ ಕೈಗೆ ಹತ್ತಿದರೆ ಉಳಿದದ್ದು ಹಗುರ. ನಗುವಾಗ ಓದುಗ ಅನುಮಾನ ಪಡುವುದನ್ನು ಮರೆಯುತ್ತಾನೆ. ಹಾಗಾಗಿ ಮುಖ್ಯ ಸುಳಿವುಗಳೆಲ್ಲ ಜೋಕಿನ ವೇಷದಲ್ಲೇ ಒಳಗೆ ಬರಬೇಕು.

ಆಗ ಹೇಳಿದ ಲೇಬಲ್ಲಿನ ಸಾಲನ್ನೇ ತೆಗೆದುಕೊಳ್ಳಿ. ಎರಡನೇ ಅಧ್ಯಾಯದಲ್ಲಿ ಪತ್ತೇದಾರ ಡಬ್ಬಿ ತಿರುಗಿಸಿ ಓದುತ್ತಾನೆ: "ಚಿನ್ನಕ್ಕೆ ತಾಗಿಸಬೇಡಿ." "ಓ, ಚಿನ್ನ ಇಲ್ಲದವರಿಗೇ ಅಂತ ಮಾಡಿದ ಕ್ರೀಮು" ಅಂತ ಸಹಾಯಕ ಗೊಣಗುತ್ತಾನೆ. ಓದುಗ ನಕ್ಕ. ಒಂಬತ್ತನೇ ಅಧ್ಯಾಯದಲ್ಲಿ ಸತ್ತವಳ ಉಂಗುರ ಒಂದು ಬದಿ ಬೆಳ್ಳಗಾಗಿದೆ, ನಕಲಿ ಚಿನ್ನ ಇರಬೇಕು ಅಂತ ಗಂಡನಿಗೆ ಅವಮಾನ. ಮತ್ತೆ ನಗು. ಇಪ್ಪತ್ತರಲ್ಲಿ ಮಗುವಿನ ಕೈ ನಡುಗುತ್ತಿದೆ. ಈಗ ಯಾರಿಗೂ ನಗು ಬರಲ್ಲ, ಹಿಂದಿನ ಎರಡೂ ಜೋಕು ಒಟ್ಟಿಗೆ ಎದ್ದು ಬರುತ್ತವೆ.

ಕೆಲಸಕ್ಕೆ ಮೂರು ಕಾಲಮ್ಮಿನ ಪಟ್ಟಿ ಮಾಡಿ. ಕಂಡದ್ದೇನು, ಏನೆಂದುಕೊಂಡರು, ನಿಜ ಏನು. ನಡುವಿನ ಕಾಲಮ್ಮು ತಮಾಷೆಯಾಗಿರಬೇಕು. ಅದು ಖಾಲಿ ಉಳಿದರೆ ಆ ಸುಳಿವು ತೀರಾ ಬರಿಮೈಯಲ್ಲಿ ನಿಂತಿದೆ ಅಂತ. ಮೂರನೇದು ಖಾಲಿ ಉಳಿದರೆ ಅದು ಸುಳಿವಲ್ಲ, ಬರೀ ಜೋಕು. ಬರೀ ಜೋಕುಗಳು ಅಲ್ಲೊಂದು ಇಲ್ಲೊಂದು ಇರಲಿ, ಸಾಲಾಗಿ ಬಂದರೆ ಕಥೆ ನಿಂತಿತು ಅಂತಲೇ ತಿಳಿಯಿರಿ.

ವಿಚಾರಣೆಯ ದೃಶ್ಯಗಳಿಗೂ ಇದೇ ಮಾತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಇಲ್ಲಿ ಕನ್ನಡಿ ನೋಡಿಕೊಳ್ಳುತ್ತಾರೆ. ಯಾರು, ಯಾವ ಪ್ರಶ್ನೆಗೆ ನೋಡಿಕೊಂಡರು ಅನ್ನುವುದನ್ನು ಹಾಳೆಯಲ್ಲಿ ಬರೆದಿಡಿ.

## ಹಂತ 6: ಅಧ್ಯಾಯಗಳನ್ನು ಜೋಡಿಸಿ

ಇಂಥ ಕಾದಂಬರಿಗೆ ಓಟ ಬೇಕು. ನಲವತ್ತರಿಂದ ಐವತ್ತು ಸಾವಿರ ಪದ ಸಾಕು, ಮೂವತ್ತೈದು ಅಧ್ಯಾಯ ಅಂತ ಇಟ್ಟುಕೊಂಡರೆ ಒಂದೊಂದಕ್ಕೆ ಸಾವಿರದ ಮುನ್ನೂರು ಪದದ ಆಸುಪಾಸು. ಮೊದಲ ಅಧ್ಯಾಯದಲ್ಲೇ ಹೆಣ. ಕಾಲು ಭಾಗಕ್ಕೆ ಮೊದಲ ತಪ್ಪು ಬಂಧನ. ಅರ್ಧಕ್ಕೆ ಎರಡನೇ ಸಾವು, ಇಲ್ಲವೇ ಸತ್ತವರ ಬಗ್ಗೆ ನಾವು ನಂಬಿದ್ದೇ ಸುಳ್ಳು ಅನ್ನುವ ತಿರುವು. ಪ್ರತಿ ಅಧ್ಯಾಯದ ಕೊನೆಯಲ್ಲಿ ಪುಟ ತಿರುಗಿಸಲೇಬೇಕಾದ ಒಂದು ಕಾರಣ. ಇದರಲ್ಲಿ ಜಾಣತನ ತೋರಿಸಲು ಹೋಗಬೇಡಿ, ಹಳೇ ಪಟ್ಟು ಚೆನ್ನಾಗೇ ಕೆಲಸ ಮಾಡುತ್ತದೆ.

## ಹಂತ 7: ಧಾಟಿ ಹಿಡಿಯಿರಿ

ಚುರುಕು ವಾಕ್ಯ. ಮುಖ ಗಂಭೀರ. ನಗಿಸುತ್ತಿದ್ದೀನಿ ಅಂತ ನಿರೂಪಕನಿಗೆ ಗೊತ್ತೇ ಇಲ್ಲ ಅನ್ನುವ ಹಾಗೆ ಬರೆಯಬೇಕು. ಆಶ್ಚರ್ಯಸೂಚಕ ಚಿಹ್ನೆಯನ್ನು ಜಾಹೀರಾತುಗಳಿಗೆ ಬಿಟ್ಟುಕೊಡಿ.

ಉತ್ಪ್ರೇಕ್ಷೆ ವಿಷಯದಲ್ಲಿ ಹುಷಾರು. ಈ ವ್ಯಾಪಾರದ ಚರಿತ್ರೆ ಮೊದಲೇ ನಿಮ್ಮ ಕಲ್ಪನೆಯನ್ನು ಮೀರಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಮೈಬಣ್ಣ ತಿಳಿಯಾಗಲಿ ಅಂತ ಆರ್ಸೆನಿಕ್ ಬಿಲ್ಲೆಗಳನ್ನು ತಿನ್ನಲು ಮಾರಿದರು. 1930ರ ದಶಕದ ಫ್ರಾನ್ಸಿನಲ್ಲಿ ರೇಡಿಯಂ ಬೆರೆಸಿದ ಮುಖದ ಕ್ರೀಮು ಸಿಗುತ್ತಿತ್ತು, ಅದನ್ನು ಹೆಮ್ಮೆಯಿಂದಲೇ ಜಾಹೀರಾತು ಮಾಡುತ್ತಿದ್ದರು. ಇದಕ್ಕಿಂತ ಮುಂದೆ ಹೋಗಿ ಏನು ಬರೀತೀರಿ? ಹಾಗಾಗಿ ಕಾಲ್ಪನಿಕ ಉತ್ಪನ್ನವನ್ನು ನಂಬುವಷ್ಟೇ ಹುಚ್ಚಾಗಿ ಇಡಿ, ಅದನ್ನು ಮಾರುವವನ ಮಾತನ್ನು ತಣ್ಣಗೆ ಇಡಿ. ನಡುನಡುವೆ ಎರಡು ಮೂರು ಸಾಲಿನ ಸುಳ್ಳು ಜಾಹೀರಾತು ಹಾಕಬಹುದು, ಆದರೆ ಎಲ್ಲ ಅಧ್ಯಾಯಕ್ಕೂ ಹಾಕಿದರೆ ಓದುಗ ಹಾರಿಸಿ ಓದುತ್ತಾನೆ, ಅದರಲ್ಲಿಟ್ಟ ಸುಳಿವೂ ಹಾರಿಹೋಗುತ್ತದೆ.

## ಹಂತ 8: ಗುಟ್ಟು ಬಯಲು ಮಾಡುವ ಅಧ್ಯಾಯ

ಎಲ್ಲರನ್ನೂ ಒಂದು ಕೋಣೆಗೆ ಸೇರಿಸಿ ಪತ್ತೇದಾರ ಭಾಷಣ ಮಾಡುವುದು ಸರಿ, ಅದು ಈ ಪ್ರಕಾರದ ಮರ್ಯಾದೆ. ಆದರೆ ಅವನು ಕೊಲೆಯ ಬಗ್ಗೆ ಮಾತ್ರ ಮಾತಾಡಬೇಕು. "ನಿಜವಾದ ಸೌಂದರ್ಯ ಮನಸ್ಸಿನಲ್ಲಿದೆ" ಅಂತ ಒಂದು ಸಾಲು ಬಂದರೂ ಪುಸ್ತಕ ಕುಸಿಯಿತು.

ಕೊಲೆಗಾರನಿಗೆ ಮುಖದ ಮೇಲಿನ ಗಾಯವೋ, ಕುಳ್ಳುತನವೋ, ಬೊಜ್ಜೋ ಕಾರಣವಾಗಬಾರದು. ಅಪರಾಧಿ ಮುಖದಲ್ಲೇ ಕಾಣುತ್ತಾನೆ ಅಂತ ಹತ್ತೊಂಬತ್ತನೇ ಶತಮಾನದಲ್ಲಿ ಇಟಲಿಯ ಚೆಸರೆ ಲೊಂಬ್ರೋಸೊ ತಲೆ, ದವಡೆ, ಕಿವಿ ಅಳೆದು ವಾದಿಸಿದ್ದ. ವಿಜ್ಞಾನ ಅದನ್ನು ಕೈಬಿಟ್ಟು ಬಹಳ ಕಾಲವಾಯಿತು, ಅಗ್ಗದ ಕಾದಂಬರಿಗಳು ಮಾತ್ರ ಇನ್ನೂ ಬಿಟ್ಟಿಲ್ಲ. ನಿಮ್ಮ ಕೊಲೆಗಾರನ ಕಾರಣ ಲೆಕ್ಕದ ಪುಸ್ತಕದಲ್ಲಿರಲಿ.

ಕೊನೆ ಹೇಗಿರಬೇಕು ಅನ್ನೋದು ನಿಮಗೆ ಬಿಟ್ಟಿದ್ದು. ನನ್ನ ಆಯ್ಕೆ ಹೇಳಬೇಕೆಂದರೆ, ಕೊಲೆಗಾರ ಜೈಲಿಗೆ ಹೋಗಲಿ, ಕ್ರೀಮು ಹೊಸ ಹೆಸರಲ್ಲಿ ಅಂಗಡಿಗೆ ಬರಲಿ. ಅಪರಾಧದ ಕಥೆ ಮುಗಿಯಿತು, ವ್ಯಂಗ್ಯಕ್ಕೆ ಮುಗಿಯಲು ಬಿಡಬಾರದು.

## ಹಂತ 9: ತಿದ್ದುವುದು

ಒಂದೇ ಸಲ ಎಲ್ಲ ತಿದ್ದಲು ಹೋಗಬೇಡಿ. ಮೊದಲ ಸುತ್ತಿನಲ್ಲಿ ವೇಳಾಪಟ್ಟಿ ಮತ್ತು ಸುಳಿವು ಮಾತ್ರ. ಎರಡನೇ ಸುತ್ತಿನಲ್ಲಿ ಸುಂದರ, ಬೆಳ್ಳಗೆ, ಕಪ್ಪು, ದಪ್ಪ, ತೆಳ್ಳಗೆ, ಕುರೂಪ, ಬೋಳು ಅನ್ನುವ ಪದಗಳನ್ನು ಹುಡುಕಿ ಪ್ರತಿಯೊಂದರ ಮುಂದೆ ಬರೆಯಿರಿ: ಈ ಮಾತು ಯಾರದು? ಪಾತ್ರದ್ದಾದರೆ ಉಳಿಸಿ. ನಿರೂಪಕನದ್ದಾದರೆ ಹೊಡೆದುಹಾಕಿ. ಈ ಸುತ್ತಿನಲ್ಲಿ ಪುಸ್ತಕ ತೆಳ್ಳಗಾಗುತ್ತದೆ, ಅದಕ್ಕೆ ಮಾತ್ರ ಬೇಜಾರು ಬೇಡ.

ಮೂರನೇ ಸುತ್ತಿನಲ್ಲಿ ಹೆಸರುಗಳು. ನಿಜವಾದ ಕಂಪನಿ, ಕ್ರೀಮು, ಕ್ಲಿನಿಕ್ಕಿನ ಹೆಸರು ಬಂದಿದ್ದರೆ ತೆಗೆಯಿರಿ. ನೀವೇ ಕಟ್ಟಿದ ಹೆಸರನ್ನೂ ಹುಡುಕಿ ನೋಡಿ, ಆ ಹೆಸರಿನ ಸೋಪು ಎಲ್ಲೋ ನಿಜವಾಗಿಯೂ ಇರುತ್ತದೆ. ಮಾನನಷ್ಟದ ನೋಟಿಸು ಬಂದ ಮೇಲೆ "ಅದು ವ್ಯಂಗ್ಯ" ಅಂತ ವಾದ ಮಾಡುವುದು ದುಬಾರಿ ಕೆಲಸ.

ಆಮೇಲೆ ಇಬ್ಬರು ಮೂವರಿಗೆ ಓದಲು ಕೊಡಿ. "ಹೇಗಿದೆ" ಅಂತ ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಅಂತಾರೆ. ನಕ್ಕ ಜಾಗದಲ್ಲಿ ಪೆನ್ಸಿಲ್ ಗುರುತು ಹಾಕಿ ಅಂತ ಹೇಳಿ, ಆಮೇಲೆ ಕೂತು ನೋಡಿ: ನಕ್ಕಿದ್ದು ಯಾರ ಮೇಲೆ? ಮೈ ಹಾಗಿರುವವರ ಮೇಲೆ ನಕ್ಕಿದ್ದರೆ ಆ ಪುಟ ಸೋತಿದೆ. ಅಳೆಯುವವರ ಮೇಲೆ, ಮಾರುವವರ ಮೇಲೆ ನಕ್ಕಿದ್ದರೆ ಸರಿ ಇದೆ. ಓದುತ್ತಾ ತಮ್ಮ ಮೇಲೆಯೇ ನಕ್ಕೆ ಅಂತ ಯಾರಾದರೂ ಹೇಳಿದರೆ ಆ ಪುಟ ಮುಟ್ಟಲೇಬೇಡಿ.

## ಹಂತ 10: ಮುಖಪುಟದ ಜಗಳ

ಇದನ್ನು ಕೊನೆಗೆ ಅಂತ ಬಿಟ್ಟು ಕೆಟ್ಟವರು ಜಾಸ್ತಿ. ಪತ್ತೇದಾರಿ ಅಂದ ಕೂಡಲೇ ಕಲಾವಿದರು ಅರ್ಧ ಮುಖದ ಸುಂದರಿ, ತುಟಿಯಂಚಲ್ಲಿ ರಕ್ತ ಬರೆದು ಕಳಿಸುತ್ತಾರೆ, ಅದು ಅವರ ತಪ್ಪಲ್ಲ, ಯಾವತ್ತೂ ಅದನ್ನೇ ಕೇಳಿದ್ದಾರೆ. ನೀವು ಇಡೀ ಹಸ್ತಪ್ರತಿ ಕೊಡುವ ಬದಲು ಲೇಬಲ್ ಓದುವ ಅಧ್ಯಾಯವೊಂದನ್ನೇ ಕೊಡಿ. ಡಬ್ಬಿ, ಉಂಗುರ, ಸಹಿಯಿಲ್ಲದ ರಿಜಿಸ್ಟರು, ಇವುಗಳಲ್ಲಿ ಒಂದನ್ನು ಬರೆಯಲು ಹೇಳಿ. ಹಿಂಬದಿಯ ಪರಿಚಯವನ್ನು ನೀವೇ ಬರೆಯಿರಿ, ಪ್ರಕಾಶಕರಿಗೆ ಬಿಟ್ಟರೆ ಮೊದಲ ಸಾಲೇ "ಅಪ್ರತಿಮ ಸುಂದರಿಯ ನಿಗೂಢ ಸಾವು" ಅಂತ ಶುರುವಾಗುತ್ತದೆ. ಒಪ್ಪಂದಕ್ಕೆ ಸಹಿ ಹಾಕುವ ಮುಂಚೆಯೇ ಎರಡಕ್ಕೂ ನಿಮ್ಮ ಒಪ್ಪಿಗೆ ಬೇಕು ಅಂತ ಒಂದು ಸಾಲು ಸೇರಿಸಿಕೊಳ್ಳಿ.